ಒಂದು ಇಂಚು ಬಿಟ್ಟು

ಕೋಟಿನ ತೋಳನ್ನು ಒಳಮಗ್ಗುಲು ಮಾಡಿ, ಅಸ್ತರಿನ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಒಂದೊಂದಾಗಿ ಬಿಚ್ಚುತ್ತಿದ್ದಾಗ ಫೋನು ಬಡಿದುಕೊಂಡಿತು. ನಡುವೆ ಎದ್ದರೆ ಎಳೆ ತಪ್ಪಿಹೋಗುತ್ತದೆಂದು ಸಣ್ಣಿ ಬ್ಲೇಡು ಕೆಳಗಿಡದೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

“ಆಪರೇಷನ್ ಆದವರ ಬಟ್ಟೆ ಬಗ್ಗೆ ಸೈಟಲ್ಲಿ ಬರೀತಾರಲ್ಲ, ಆ ಟೈಲರಮ್ಮ ನೀವೇನಾ?”

“ನಾನೇ. ಹೇಳಿ.”

“ಬೇಜಾರು ಮಾಡ್ಕೋಬೇಡಿ, ದೂರು ಹೇಳೋಕೆ ಮಾಡಿದ್ದಲ್ಲ. ನೀವು ಬರೆದ ಹಾಗೇ ನಮ್ಮತ್ತೆಗೆ ಅಂಗಿ ಹೊಲಿದೆ. ಮುಂದಿನ ಭಾಗ ಎಲ್ಲ ಚೆನ್ನಾಗಿ ಬಂತು. ತೋಳು ಮಾತ್ರ ಹತ್ತಲೇ ಇಲ್ಲ. ಮೊದಲೇ ಕೈ ಬಾತುಕೊಂಡಿದೆ, ಪಾಪ. ಮೊಣಕೈ ದಾಟಿಸೋಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂದುಬಿಡ್ತು.”

ಬ್ಲೇಡು ನಿಂತಿತು.

“ತೋಳಿಗೆ ಎಷ್ಟು ಬಿಟ್ರಿ?”

“ಬಿಡೋದೆಲ್ಲಿ ಬಂತು? ಗುರುತಿನಿಂದ ಒಂದು ಇಂಚು ಕಳೆದು ಕತ್ತರಿಸಿ ಅಂತ ನೀವೇ ಬರೆದಿದೀರಲ್ಲ. ನನಗೂ ಅನುಮಾನ ಬಂತು. ಅಷ್ಟು ತಿಳಿದವರು ಬರೆದಿದಾರೆ, ಏನೋ ಲೆಕ್ಕ ಇರತ್ತೆ ಅಂದ್ಕೊಂಡೆ.”

ಕಳೆದು. ಸಣ್ಣಿ ತನ್ನ ಜನ್ಮದಲ್ಲಿ ಬಟ್ಟೆಯ ಹತ್ತಿರ ಆ ಮಾತು ತಂದವಳಲ್ಲ. ಬಟ್ಟೆಗೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತು, ಮಡಚುವುದು ಗೊತ್ತು. ಕಳೆಯುವುದು ಶಾಲೆಯ ಲೆಕ್ಕದಲ್ಲಿ. ಅವಳು ಬರೆದದ್ದು ‘ಗುರುತಿನಿಂದ ಒಂದು ಇಂಚು ಬಿಟ್ಟು ಕತ್ತರಿಸಿ’ ಎಂದು. ಗುರುತಿನ ಆಚೆಗೆ ಒಂದು ಇಂಚು ಬಟ್ಟೆ ಉಳಿಸಿಕೊಳ್ಳಿ, ಬಾತ ಕೈಗೆ ಜಾಗ ಇರಲಿ ಎಂದು. ಬಟ್ಟೆಯನ್ನು ಮಡಿಸಿ ಕತ್ತರಿಸುವುದರಿಂದ ಒಂದು ಇಂಚು ಎರಡಾಗುತ್ತದೆ. ಎರಡು ಇಂಚು ಹೆಚ್ಚಿರಬೇಕಾದ ಕಡೆ ಎರಡು ಇಂಚು ಕಡಿಮೆ. ನಾಲ್ಕು ಇಂಚಿನ ವ್ಯತ್ಯಾಸ ಅಂದರೆ ತೋಳೇ ಅಲ್ಲ, ಕೊಳವೆ.

“ಆ ಅಂಗಿ ಎಸೀಬೇಡಿ,” ಎಂದಳು. “ಕಂಕುಳಿಂದ ಮಣಿಕಟ್ಟಿನ ತನಕ ತೋಳು ಬಿಚ್ಚಿ, ನಡುವೆ ಒಂದು ಪಟ್ಟಿ ಸೇರಿಸಿ. ಅಂಗೈಗಿಂತ ಒಂದು ಬೆರಳು ಜಾಸ್ತಿ ಅಗಲ ಇರಲಿ. ಮೆತ್ತಗಿರೋ ಹಳೇ ಬಟ್ಟೆ ಆದ್ರೆ ಇನ್ನೂ ಒಳ್ಳೇದು, ಹೊಲಿಗೆ ಹೊರಗಡೆಗೆ ಬರಲಿ, ಚರ್ಮಕ್ಕೆ ಒತ್ತಬಾರದು.”

“ನಮ್ಮತ್ತೇದು ಹೇಗೋ ಆಗತ್ತೆ ಬಿಡಿ. ವಾರ್ಡಲ್ಲಿ ಜೊತೆಗಿದ್ದವರದೆಲ್ಲ ಫೋನಲ್ಲಿ ಒಂದು ಗುಂಪಿದೆ. ನಾನೇ ನಿಮ್ಮ ಲಿಂಕ್ ಹಾಕಿದ್ದೆ. ಅವರು ಇನ್ಯಾರ್ಯಾರಿಗೆ ಕಳ್ಸಿದಾರೋ! ಗುಂಪಲ್ಲಿ ಹೇಳ್ತೀನಿ, ಆದ್ರೆ ನೀವು ಸೈಟಲ್ಲೇ ತಿದ್ದಿಬಿಡಿ. ಒಂದು ನಿಮಿಷದ ಕೆಲಸ ಅಲ್ವಾ?”

“ಹೂಂ,” ಎಂದಳು ಸಣ್ಣಿ.

ಐವತ್ತರ ಹತ್ತಿರ ಬಂದ, ಮೈಕೈ ತುಂಬಿಕೊಂಡ ಹೆಂಗಸಿಗೆ ಸಣ್ಣಿ ಎಂಬ ಹೆಸರು ಉಳಿದದ್ದು ಅಕ್ಕನಿಂದ. ಸೈಟು ಹುಟ್ಟಿದ್ದೂ ಅಕ್ಕನಿಂದಲೇ. ಅಂಗಡಿಗೆ ಹೊಲಿಸಲು ಬರುವವರಲ್ಲಿ ಕೈ ಮೇಲೆತ್ತಲಾಗದವರು, ಎದೆಯ ಆಪರೇಷನ್ ಆದವರು, ಮೈಗೆ ಕೊಳವೆ ಸಿಕ್ಕಿಸಿಕೊಂಡೇ ಮನೆಗೆ ಬಂದವರು ಒಬ್ಬರಾದ ಮೇಲೆ ಒಬ್ಬರು ಬರತೊಡಗಿ, ಅವರಿಗೆಂದು ಸಣ್ಣಿ ಒಂದೊಂದೇ ಉಪಾಯ ಕಂಡುಕೊಂಡಿದ್ದಳು. ಮುಂದೆ ಪೂರ್ತಿ ತೆರೆಯುವ ಅಂಗಿ, ಭುಜದ ಮೇಲೆ ಗುಂಡಿ, ಕೊಳವೆಯ ಚೀಲಕ್ಕೆ ಒಳಜೇಬು. “ನಿನ್ನ ತಲೆಯಲ್ಲೇ ಇಟ್ಕೊಂಡ್ರೆ ಯಾರಿಗೆ ಉಪಯೋಗ? ಬರಿ,” ಎಂದವಳು ಅಕ್ಕ. ಸಣ್ಣಿ ಬರೆದು ಕಳಿಸುವಳು, ಅಕ್ಕ ತಿದ್ದಿ ಹಾಕುವಳು. ಅಕ್ಕನಿಗೆ ತಿದ್ದುವುದೆಂದರೆ ಉಸಿರಾಟ. ಒಂದು ಅಚ್ಚುಕೂಟದಲ್ಲಿ ನಿವೃತ್ತಿಯಾಗುವವರೆಗೂ ಕರಡು ತಿದ್ದಿದವಳು. ಮನೆಗೆ ಬಂದ ಮದುವೆಯ ಕರೆಯೋಲೆಯನ್ನೂ ಕೆಂಪು ಪೆನ್ನು ಹಿಡಿದೇ ಓದುವವಳು.

ಹೊರಗೆ ಹಾಕಿದ ಮೇಲೆ ಸಣ್ಣಿ ತನ್ನ ಬರಹವನ್ನು ಮತ್ತೆ ಓದುತ್ತಿರಲಿಲ್ಲ. ಓದಿದರೆ ಯಾರೋ ಬೇರೆಯವರು, ಸ್ವಲ್ಪ ಇಸ್ತ್ರಿ ಹಾಕಿಕೊಂಡು ಕೂತವರು ಮಾತಾಡಿದ ಹಾಗಿರುತ್ತಿತ್ತು. ಇಂದು ಓದಿದಳು. ಹೌದು, ‘ಕಳೆದು’. ಅಚ್ಚುಕಟ್ಟಾಗಿ, ಒಂದು ಅಕ್ಷರವೂ ತಪ್ಪಿಲ್ಲದೆ, ಕಳೆದು.

ತನ್ನ ಹೆಸರಿನಿಂದ ಒಳಗೆ ಹೋಗಿ ನೋಡಿದಳು. ಹೊಸದಾಗಿ ಬರೆಯಲು ಜಾಗವಿತ್ತು, ಕೆಳಗೆ ‘ಪರಿಶೀಲನೆಗೆ ಸಲ್ಲಿಸಿ’ ಎನ್ನುವ ನೀಲಿ ಗುಂಡಿಯಿತ್ತು. ಈ ಸೈಟುಗಳಲ್ಲಿ ಎಲ್ಲರಿಗೂ ಹಾಗೇ ಇರುತ್ತದೆಂದು ಅವಳು ತಿಳಿದಿದ್ದಳು. ಹೊರಗೆ ಹೋದ ಬರಹವನ್ನು ಮುಟ್ಟಲು ಮಾತ್ರ ದಾರಿಯೇ ಇರಲಿಲ್ಲ. ಬರಹದ ಕೆಳಗೆ ಪ್ರತಿಕ್ರಿಯೆ ಹಾಕೋಣವೆಂದು ‘ದಯವಿಟ್ಟು ತೋಳಿಗೆ ಒಂದು ಇಂಚು ಹೆಚ್ಚಿಡಿ’ ಎಂದು ಬರೆದಳು. ‘ನಿಮ್ಮ ಪ್ರತಿಕ್ರಿಯೆ ಒಪ್ಪಿಗೆಗಾಗಿ ಕಾದಿದೆ’ ಎಂದು ಬಂತು. ಒಪ್ಪಿಗೆ ಕೊಡಬೇಕಾದವಳು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಕೂತಿದ್ದಳು.

ಅರ್ಧ ಬಿಚ್ಚಿದ ಕೋಟನ್ನು ಮೇಜಿನ ಮೇಲೇ ಬಿಟ್ಟು ಸಣ್ಣಿ ಅಂಗಡಿಯ ಬಾಗಿಲು ಎಳೆದುಕೊಂಡಳು.

*

ಅಕ್ಕನ ಮನೆಯಲ್ಲಿ ಭಾವ ಪೇಪರು ಓದಿ ಹೇಳುತ್ತಿದ್ದರು. ಕಿಟಕಿಯ ಪರದೆ ಎಳೆದಿತ್ತು. ಅಕ್ಕ ಕುರ್ಚಿಗೆ ತಲೆಯಾನಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು.

“‘ಉದ್ಘಾಟಣೆ’ ಅಂತ ಓದಿದ್ರಿ.”

“ಪೇಪರಲ್ಲಿ ಹಾಗೇ ಇದೆ ಕಣೇ.”

“ಇದ್ರೆ ಇರ್ಲಿ, ನೀವು ಸರಿಯಾಗಿ ಓದಿ.”

“ನೋಡು ಸಣ್ಣಿ,” ಎಂದರು ಭಾವ, “ಕಣ್ಣಿಗೆ ಕಟ್ಟು ಹಾಕಿದ್ರೆ ನಾಲ್ಕು ದಿನ ನೆಮ್ಮದಿ ಅಂದ್ಕೊಂಡಿದ್ದೆ. ಈಗ ಕಿವಿಯಲ್ಲೇ ಕಾಗುಣಿತ ಹಿಡೀತಾಳೆ.”

ಸಣ್ಣಿ ನಿಂತುಕೊಂಡೇ ಹೇಳಿದಳು. “ಅಕ್ಕ, ಸೈಟಲ್ಲಿ ತೋಳಿನ ಅಳತೆ ತಪ್ಪಾಗಿದೆ. ಇವತ್ತೇ ಸರಿ ಮಾಡ್ಬೇಕು. ಒಬ್ಬರು ಹೊಲಿದು ಅವರತ್ತೆಗೆ ನೋವಾಗಿದೆ. ಇನ್ನೂ ಎಷ್ಟು ಜನ ಬಟ್ಟೆ ಕತ್ತರಿಸ್ತಿದಾರೋ ಗೊತ್ತಿಲ್ಲ. ನಿನ್ನ ಪಾಸ್‌ವರ್ಡ್ ಹೇಳು, ನಾನೇ ಹೋಗಿ ತಿದ್ದುತೀನಿ.”

ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

“ಅದು... ಬಾಗಿಲು ಹಾಕ್ಕೊಂಡುಬಿಟ್ಟಿದೆ,” ಎಂದಳು ಅಕ್ಕ.

“ಅಂದ್ರೆ?”

“ನೀನು ಮೊನ್ನೆ ಕಳ್ಸಿದ್ಯಲ್ಲ, ಜೇಬಿನ ಬಗ್ಗೆ. ಅದನ್ನ ಹಾಕೋಣ ಅಂತ ಕೂತೆ. ಕಣ್ಣಿಗೆ ಎಲ್ಲ ಮಂಜು ಮಂಜು. ಬೆರಳಿಗೆ ಗೊತ್ತಲ್ಲ ಅಂತ ಒತ್ತಿದೆ. ತಪ್ಪು ಅಂತು. ಮತ್ತೆ ಒತ್ತಿದೆ.”

“ಮತ್ತೆ ಮತ್ತೆ ಒತ್ತಿದಳು,” ಎಂದರು ಭಾವ ಪೇಪರಿನ ಹಿಂದಿನಿಂದ. “ಕೊನೆಗೆ ಅದೇ ಬೇಸತ್ತು, ತಾಯಿ, ನೀನು ಯಾರೋ ಕಳ್ಳಿ ಅಂತ ಹೊರಗೆ ಹಾಕ್ತು.”

“ನಿಮಗೆ ತಮಾಷೆ. ಹೊಸ ಪಾಸ್‌ವರ್ಡಿಗೆ ಕೇಳಿದೆ ಸಣ್ಣಿ. ಇಮೇಲಿಗೆ ಕಳ್ಸಿದೀವಿ ಅಂತು. ಆ ಇಮೇಲು ಆಫೀಸಿಂದು. ನಿವೃತ್ತಿ ಆದ ಮೇಲೂ ಎಷ್ಟೋ ಕಾಲ ನಡೀತಿತ್ತು, ಈಗ ನೋಡಿದ್ರೆ ಮುಚ್ಚಿದಾರೆ.”

“ನಿನಗೆ ಬೇರೆ ಇಮೇಲ್ ಇಲ್ವಾ?”

“ಯಾಕೆ ಬೇಕು? ನನ್ನನ್ನ ಯಾರಾದ್ರೂ ಕೇಳಿದ್ರೆ ಅಲ್ಲೇ ಕೇಳ್ಬೇಕು,” ಎಂದಳು ಅಕ್ಕ. ಆ ಮಾತು ಹೇಳುವಾಗ ಅವಳ ಗದ್ದ ಸ್ವಲ್ಪ ಮೇಲೆದ್ದಿತು. ಸಣ್ಣಿಗೆ ಅಚ್ಚುಕೂಟದ ಆ ಉದ್ದನೆಯ ಕೋಣೆ ನೆನಪಿಗೆ ಬಂತು. ಸಾಲಾಗಿ ಮೇಜುಗಳು, ಕೊನೆಯಲ್ಲಿ ಅಕ್ಕನದು, ಎಲ್ಲರೂ ಕಾಗದ ಹಿಡಿದು ಅವಳ ಹತ್ತಿರ ಬರುತ್ತಿದ್ದರು. ಈಗ ಅವಳ ಹತ್ತಿರ ಬರುವ ಕಾಗದ ಸಣ್ಣಿಯದು ಒಂದೇ.

“ಕಣ್ಣು ಸರಿಯಾಗಲಿ, ನಿಧಾನಕ್ಕೆ ನೋಡಿದರಾಯ್ತು ಅಂತ ನಿನಗೆ ಹೇಳ್ಲಿಲ್ಲ,” ಎಂದಳು ಅಕ್ಕ.

“ನಿಧಾನಕ್ಕೆ ಆಗಲ್ಲ ಅಕ್ಕ. ಆ ಅಂಗಿ ಹಾಕ್ಕೊಳ್ಳೋರ ಕೈ ನಿಧಾನಕ್ಕೆ ಕಾಯಲ್ಲ.”

ಅಷ್ಟು ಗಡುಸಾಗಿ ಅಕ್ಕನಿಗೆ ಅವಳು ಎಂದೂ ಹೇಳಿರಲಿಲ್ಲ. ಭಾವ ಪೇಪರು ಮಡಚಿಟ್ಟು, ಲ್ಯಾಪ್‌ಟಾಪನ್ನು ತಂದು ಊಟದ ಮೇಜಿನ ಮೇಲಿಟ್ಟು, ಚಹಾ ಮಾಡಲು ಒಳಗೆ ಹೋದರು. ಜಗಳ ಬರುವ ಸೂಚನೆ ಕಂಡಾಗಲೆಲ್ಲ ಅವರಿಗೆ ಚಹಾ ನೆನಪಾಗುತ್ತಿತ್ತು.

ಸೈಟಿಗೆ ಜಾಗ ಕೊಟ್ಟ ಕಂಪನಿಯ ನೆರವಿನ ಸಂಖ್ಯೆಗೆ ಸಣ್ಣಿ ಫೋನು ಮಾಡಿದಳು. ತುಂಬ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹೆಂಗಸು ಬಂದಳು. ನೆಗಡಿಯಾಗಿದ್ದ ದನಿ. ನಡುನಡುವೆ ಮೂಗೆಳೆದುಕೊಂಡು, “ಕ್ಷಮಿಸಿ,” ಎನ್ನುತ್ತಿದ್ದಳು. ಖಾತೆ ಯಾರ ಹೆಸರಲ್ಲಿದೆ, ಅವರೇ ಮಾತಾಡಲಿ ಎಂದಳು. ಅಕ್ಕ ಮಾತಾಡಿದಳು. ಅಕ್ಕನ ಫೋನಿಗೆ ಒಂದು ಸಂಖ್ಯೆ ಬಂತು. ಸಣ್ಣಿ ಅದನ್ನು ಓದಿ ಹೇಳಿದಳು.

“ಸರಿ, ನೀವೇ ಅಂತ ಆಯ್ತು,” ಎಂದಳು ನೆರವಿನವಳು. “ಈಗ ನೋಡಿ ಅಮ್ಮ, ಸೈಟಿನ ಮುಂದಿನ ಬಾಗಿಲು ತಾನೇ ಬೀಗ ಹಾಕ್ಕೊಂಡಿರೋದು? ನಮ್ಮ ಕಡೆ ಅದರ ಒಳಗಿನ ಫೈಲುಗಳೆಲ್ಲ ಇರುತ್ವೆ. ಅಲ್ಲಿಗೆ ನಿಮ್ಮನ್ನ ಬಿಡ್ತೀನಿ. ಕೀಲಿಮಣೆ ಹತ್ತಿರ ಯಾರಿದೀರ?”

“ನಾನು. ಅವರ ತಂಗಿ.”

“ಕಂಪ್ಯೂಟರ್ ಕೆಲಸ ಗೊತ್ತಾ?”

“ನಾನು ಟೈಲರು.”

“ಒಳ್ಳೇದೇ ಆಯ್ತು. ಅವಸರ ಮಾಡಲ್ಲ ನೀವು. ಗೊತ್ತಿದೆ ಅಂತ ಅನ್ನೋರೇ ನಾನು ಹೇಳೋಕೆ ಮುಂಚೆ ಅಳಿಸಿಬಿಡ್ತಾರೆ. ಮೊದಲು ಒಂದು ಪ್ರತಿ ತೆಗೆದಿಟ್ಕೊಳ್ಳೋಣ.”

ಪ್ರತಿ ತೆಗೆದಾಯಿತು. ಆಮೇಲೆ ನೆರವಿನವಳು ಹೇಳಿದ ಹಾಗೆ ಒಂದರೊಳಗೊಂದು ಹೋಗುತ್ತ, ಸೈಟಿಗೆ ಕಾವಲು ಕೂತು ಅಕ್ಕನನ್ನು ಹೊರಗೆ ಹಾಕಿದ್ದ ಒಂದು ಪುಟ್ಟ ತಂತ್ರಾಂಶದ ಫೋಲ್ಡರು ಸಿಕ್ಕಿತು. ಅದರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿದರೆ ಸಾಕು, ಸೈಟಿಗೆ ಅದು ಕಾಣುವುದಿಲ್ಲ, ಕಾವಲು ತಾನಾಗಿ ಎದ್ದುಹೋಗುತ್ತದೆ ಎಂದಳು. ಸಣ್ಣಿಗೆ ಇದು ಹೊಸದೆನ್ನಿಸಲಿಲ್ಲ. ಹೊರಬಟ್ಟೆಗೆ ಕೈ ಹಚ್ಚದೆ, ಅಸ್ತರಿನಲ್ಲಿ ಒಂದು ಗೇಣು ಬಿಚ್ಚಿ, ಕೋಟಿನ ಒಳಗೇ ಕೈ ಹಾಕಿ ಭುಜ ಸರಿಮಾಡಿ ಮತ್ತೆ ಮುಚ್ಚುವುದು ಅವಳ ದಿನನಿತ್ಯದ ಕೆಲಸ. ಉಟ್ಟವರಿಗೆ ಎಲ್ಲಿ ಬಿಚ್ಚಿದ್ದೆಂದು ತಿಳಿಯಬಾರದು, ಅಷ್ಟೇ.

“ಏನು ಮಾಡ್ತಿದ್ದೀಯ? ಓದಿ ಹೇಳು,” ಎಂದಳು ಅಕ್ಕ ಕುರ್ಚಿಯಿಂದ.

“ಫೋಲ್ಡರಿಗೆ ಒಂದಕ್ಷರ ಸೇರಿಸ್ತಿದೀನಿ.”

“ಯಾವ ಅಕ್ಷರ?”

“ಯಾವುದಾದ್ರೂ ಆಗತ್ತಂತೆ ಅಕ್ಕ.”

“ಯಾವುದಾದ್ರೂ ಆಗೋ ಅಕ್ಷರ ಅಂತ ಒಂದಿರತ್ತಾ!” ಎಂದಳು ಅಕ್ಕ ಬೇಸರದಿಂದ. ಫೋನಿನ ಆಚೆ ನೆರವಿನವಳು ನಕ್ಕಳು, ನಕ್ಕದ್ದಕ್ಕೆ ಕೆಮ್ಮಿದಳು.

ಬೀಗ ತೆರೆಯಿತು. ಉಳಿದದ್ದು ಹೊಸ ಪಾಸ್‌ವರ್ಡು. ಅದು ಹೋಗುವುದು ಅಚ್ಚುಕೂಟದ ಸತ್ತ ಇಮೇಲಿಗೆ. ನೆರವಿನವಳು ಸಣ್ಣಿಯನ್ನು ಇನ್ನೊಂದು ಕಡೆಗೆ ಕರೆದುಕೊಂಡು ಹೋದಳು. ಸೈಟಿನ ಬಳಕೆದಾರರ ಹೆಸರುಗಳೆಲ್ಲ ಚೌಕಚೌಕವಾಗಿ ಕೂತಿದ್ದವು. ಎಲ್ಲ ಅಂದರೆ ಎರಡೇ.

“ಮೊದಲನೇ ಹೆಸರಿನ ಎದುರು ಹಳೇ ಇಮೇಲ್ ಇದೆಯಲ್ಲ, ಅದನ್ನ ತೆಗೆದು ಹೊಸದು ಹಾಕಿ. ಯಾವುದು ಹಾಕ್ತೀರ?”

“ಅಕ್ಕ?”

“ನನ್ನದೇ ಹಾಕು,” ಎಂದಳು ಅಕ್ಕ, ಹೇಳಿದ ಮೇಲೆ ನೆನಪಾಗಿ, “ಸದ್ಯಕ್ಕೆ ನಿನ್ನದು ಹಾಕಿರು. ನನಗೊಂದು ಹೊಸದು ಮಾಡ್ಕೊಡು, ಆಮೇಲೆ ಬದಲಾಯಿಸಿದರಾಯ್ತು.”

ಸಣ್ಣಿ ತನ್ನ ವಿಳಾಸ ಹಾಕಿ, ಹೊಸ ಪಾಸ್‌ವರ್ಡಿಗೆ ಮತ್ತೊಮ್ಮೆ ಕೇಳಿದಳು. ಅವಳ ಫೋನು ಒಮ್ಮೆ ಗುನುಗಿತು. ಹೊಸ ಪಾಸ್‌ವರ್ಡಿನ ದಾರಿ ಬಂದಿತ್ತು. ನೆರವಿನವಳು, “ಒಳಗೆ ಹೋದ ಮೇಲೆ ಕಾವಲಿನ ಫೋಲ್ಡರಿಗೆ ಹಳೇ ಹೆಸರೇ ಕೊಡಿ, ಬಾಗಿಲು ತೆರೆದೇ ಬಿಟ್ಟುಬಿಡ್ಬೇಡಿ,” ಎಂದು ಎಚ್ಚರಿಸಿ, ಮೂಗೆಳೆದುಕೊಂಡು ವಿದಾಯ ಹೇಳಿದಳು.

*

ಅಕ್ಕನ ಹೆಸರಿನಲ್ಲಿ ಒಳಗೆ ಹೋದಾಗ ಕಂಡದ್ದು ಬೇರೆಯೇ ಮನೆ. ಸಣ್ಣಿಗೆ ಇಷ್ಟು ಕಾಲ ಕಂಡದ್ದು ಜಗುಲಿ ಮಾತ್ರ. ಇಲ್ಲಿ ಎಡಕ್ಕೆ ಉದ್ದಕ್ಕೂ ಬಾಗಿಲುಗಳು. ಹಳೆಯ ಬರಹಗಳೆಲ್ಲ ತೆರೆಯಬಲ್ಲವು. ತೋಳಿನ ಬರಹ ತೆರೆದಳು. ಪಕ್ಕದಲ್ಲೇ ಹಿಂದಿನ ರೂಪವೂ ಇತ್ತು. ಎಡಗಡೆ ಅವಳದು, ಬಲಗಡೆ ಅಕ್ಕನದು, ಬದಲಾದ ಪದಗಳಿಗೆ ಬಣ್ಣ ಹಚ್ಚಿ ತೋರಿಸಿತ್ತು.

ಓದುತ್ತಾ ಹೋದಳು. ಅವಳು ‘ಕೈ ಎತ್ತಕ್ಕಾಗದವರು’ ಎಂದದ್ದು ‘ಕೈ ಎತ್ತಲಾಗದವರು’ ಆಗಿತ್ತು. ಒಳ್ಳೆಯದೇ. ಎರಡು ಸಲ ಬಂದ ಮಾತು ಒಂದು ಸಲಕ್ಕೆ ಇಳಿದಿತ್ತು. ಅದೂ ಒಳ್ಳೆಯದೇ. ‘ನೋವಾಗ್ತಿದ್ರೆ ನಿಲ್ಲಿಸಿ, ಅಂಗಿ ಕಾಯತ್ತೆ’ ಎಂದು ಅವಳು ಬರೆದ ಸಾಲು ಬಲಗಡೆ ಇರಲೇ ಇಲ್ಲ. ಅನವಶ್ಯಕವೆಂದು ಅಕ್ಕ ತೆಗೆದಿದ್ದಳು. ಆ ಸಾಲನ್ನು ಬರೆದಾಗ ಸಣ್ಣಿಯ ಕಣ್ಣೆದುರು ಒಬ್ಬ ಹೆಂಗಸಿದ್ದಳು. ಅಂಗಡಿಯ ಕನ್ನಡಿಯ ಮುಂದೆ ತೋಳು ಹಾಕಿಕೊಳ್ಳಲು ಹೋಗಿ ಹಲ್ಲು ಕಚ್ಚಿಕೊಂಡು, “ಪರವಾಗಿಲ್ಲ, ಪರವಾಗಿಲ್ಲ,” ಎನ್ನುತ್ತಿದ್ದವಳು.

ಆಮೇಲೆ ಆ ಸಾಲು. ಎಡಕ್ಕೆ ‘ಬಿಟ್ಟು’. ಬಲಕ್ಕೆ ‘ಕಳೆದು’.

ಅಕ್ಕನಿಗೆ ಹಾಗೆ ಅನ್ನಿಸಿದ್ದರಲ್ಲಿ ಮೋಸವೇನಿಲ್ಲ. ಇಬ್ಬರು ಬಿಟ್ಟು ಮಿಕ್ಕವರು ಬಂದರು ಅಂದರೆ ಇಬ್ಬರನ್ನು ಕಳೆದು ಎಂದೇ ಅರ್ಥ. ಅಚ್ಚುಕೂಟದ ಮೇಜಿನಲ್ಲಿ ‘ಬಿಡು’ ಅಂದರೆ ಕೈಬಿಡು, ತೆಗೆದುಹಾಕು. ಹೊಲಿಗೆಯ ಮೇಜಿನಲ್ಲಿ ‘ಬಿಡು’ ಅಂದರೆ ಇರಲಿ ಬಿಡು, ಮುಂದೆ ಬೇಕಾದೀತು. ಒಂದೇ ಮಾತು, ಇಬ್ಬರು ಅಕ್ಕತಂಗಿಯರು ಒಂದೇ ತಾಯಿಯಿಂದ ಕಲಿತದ್ದು. ಅದು ಎರಡು ಮನೆಗೆ ಮದುವೆಯಾಗಿ ಹೋದ ಹಾಗೆ ಎರಡಾಗಿ ನಿಂತಿತ್ತು. ತಪ್ಪು ಯಾರದು ಎಂದು ಸಣ್ಣಿ ಹುಡುಕಲಿಲ್ಲ. ಆದರೆ ಒಂದು ಮಾತು ಎದೆಯಲ್ಲಿ ಸಿಕ್ಕಿಹಾಕಿಕೊಂಡಿತು. ಕೇಳಬಹುದಿತ್ತಲ್ಲ. ಒಂದು ಫೋನು. ‘ಸಣ್ಣಿ, ಬಿಟ್ಟು ಅಂದ್ರೆ ಏನೇ?’ ಅಷ್ಟು ಸಾಕಿತ್ತು. ಬೇರೆಯವರ ಕರಡಿನಲ್ಲಿ ಅನುಮಾನ ಬಂದರೆ ಅಕ್ಕ ಬರೆದವರನ್ನು ಕರೆಸಿ ಕೇಳುತ್ತಿದ್ದಳಂತೆ. ಅದನ್ನು ಅವಳೇ ಹೆಮ್ಮೆಯಿಂದ ಹೇಳುತ್ತಿದ್ದಳು. ಸಣ್ಣಿಯ ಬರಹದಲ್ಲಿ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಸಣ್ಣಿ ಬರೆದದ್ದಲ್ಲವೇ, ತಪ್ಪೇ ಇರುತ್ತದೆ.

ಅವಳು ‘ಕಳೆದು’ ತೆಗೆದಳು. ‘ಬಿಟ್ಟು’ ಎಂದು ಹಾಕಲು ಹೋಗಿ, ಬೆರಳು ತಡೆದು, ಯಾರೂ ತಪ್ಪು ತಿಳಿಯದ ಹಾಗೆ ‘ಗುರುತಿನ ಹೊರಗೆ ಒಂದು ಇಂಚು ಬಟ್ಟೆ ಉಳಿಸಿಕೊಂಡು ಕತ್ತರಿಸಿ’ ಎಂದು ಬರೆದಳು. ‘ನೋವಾಗುತ್ತಿದ್ದರೆ ನಿಲ್ಲಿಸಿ, ಅಂಗಿ ಕಾಯುತ್ತದೆ’ ಎಂಬುದನ್ನೂ ಅದರ ಜಾಗಕ್ಕೆ ತಂದಳು. ಬರಹದ ತಲೆಯಲ್ಲಿ, ಮೊದಲೇ ಕತ್ತರಿಸಿದವರು ಪಟ್ಟಿ ಸೇರಿಸುವುದು ಹೇಗೆಂದು ನಾಲ್ಕು ಸಾಲು ಬರೆದಳು. ಒತ್ತಿದಳು. ಯಾರ ಒಪ್ಪಿಗೆಗೂ ಅದು ಕಾಯಲಿಲ್ಲ. ತನ್ನ ಫೋನಿನಲ್ಲಿ ತೆರೆದು ನೋಡಿದಳು. ಬಂದಿತ್ತು.

ಬೆಳಗ್ಗೆ ಫೋನು ಮಾಡಿದಾಕೆಗೆ ಸಂದೇಶ ಕಳಿಸಿದಳು. ‘ಸರಿಮಾಡಿದೆ. ಗುಂಪಿಗೆ ಮತ್ತೊಮ್ಮೆ ಕಳಿಸಿ.’ ಆ ಕಡೆಯಿಂದ ಕೂಡಲೇ, ‘ಕಳಿಸಿದೆ. ಒಬ್ಬರು ನಾಳೆ ಕತ್ತರಿಸೋರಿದ್ದರಂತೆ’ ಎಂದು ಬಂತು. ಸಣ್ಣಿ ಅದನ್ನು ಎರಡು ಸಲ ಓದಿ ಕುರ್ಚಿಗೆ ಒರಗಿದಳು.

“ಆಯ್ತಾ?” ಎಂದಳು ಅಕ್ಕ.

“ಆಯ್ತು.”

“ಏನು ತಪ್ಪಿತ್ತು, ಹೇಳಲೇ ಇಲ್ಲ.”

ಭಾವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಅಕ್ಕನ ಕಪ್ಪು ಕನ್ನಡಕದಲ್ಲಿ ಲ್ಯಾಪ್‌ಟಾಪಿನ ಬೆಳಕು ಚಿಕ್ಕದಾಗಿ ಕಾಣುತ್ತಿತ್ತು. ಅವಳಿಗೆ ಅದು ಕಾಣುತ್ತಿರಲಿಲ್ಲ.

“ತೋಳಿನ ಅಳತೆ ಅಕ್ಕ. ಕಡಿಮೆ ಬಿದ್ದಿತ್ತು.”

“ನೀನು ಅಳತೆಯಲ್ಲಿ ತಪ್ಪೋದಾ?” ಅಕ್ಕನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. “ಅಕ್ಷರ ನೀನು ತಪ್ಪುತೀಯ, ಅದು ಗೊತ್ತು. ಅಳತೆ ಯಾವತ್ತೂ ಇಲ್ಲ. ಅದಕ್ಕೇ ನಾನು ಸಂಖ್ಯೆ ಒಂದನ್ನೂ ಮುಟ್ಟಲ್ಲ.”

ಸಂಖ್ಯೆ ಅವಳು ಮುಟ್ಟಿರಲಿಲ್ಲ, ನಿಜ. ‘ಒಂದು ಇಂಚು’ ಹಾಗೇ ಇತ್ತು.

ಹೇಳಿಬಿಡಲೇ ಎಂದು ಸಣ್ಣಿ ಅಂದುಕೊಂಡಳು. ಹೇಳಿದರೆ ಅಕ್ಕ ಒಪ್ಪಿಕೊಳ್ಳುತ್ತಾಳೆ, ವಾದಿಸುವುದಿಲ್ಲ. ಕರಡು ತಿದ್ದುವವರಿಗೆ ತಪ್ಪು ಒಪ್ಪಿಕೊಳ್ಳುವ ಶಿಸ್ತು ಇರುತ್ತದೆ. ಒಪ್ಪಿಕೊಂಡು, ಇನ್ನು ಮೇಲೆ ನಾನು ತಿದ್ದುವುದಿಲ್ಲ ಎನ್ನುತ್ತಾಳೆ. ಅದನ್ನೂ ಶಿಸ್ತಿನಿಂದಲೇ ಪಾಲಿಸುತ್ತಾಳೆ. ಆಮೇಲೆ ಅವಳಿಗೆ ತಿದ್ದಲು ಉಳಿಯುವುದು ಪೇಪರು, ಭಾವನ ಉಚ್ಚಾರಣೆ, ಮದುವೆಯ ಕರೆಯೋಲೆಗಳು.

“ಎಲ್ಲೋ ತಪ್ಪಿತು,” ಎಂದಳು.

“ನಿನಗೂ ವಯಸ್ಸಾಯ್ತು,” ಎಂದಳು ಅಕ್ಕ ಸಮಾಧಾನ ಮಾಡುವವಳ ಹಾಗೆ. “ಹೋಗ್ಲಿ ಬಿಡು. ಜೇಬಿನ ಬರಹ ಅಲ್ಲೇ ಇದೆಯಲ್ಲ? ಕಣ್ಣು ಬಿಡ್ಲಿ, ಮೊದಲು ಅದನ್ನೇ ತಿದ್ದುತೀನಿ. ‘ಕೊಳವೆ ಚೀಲ’ ಅಂತೆಲ್ಲ ಬರೆದಿದೀಯ, ಒಂದು ಒಳ್ಳೇ ಪದ ಹುಡುಕ್ಬೇಕು.”

“ಹುಡುಕು ಅಕ್ಕ.”

“ಇಮೇಲ್ ಮಾಡ್ಕೊಡೋದು ಮರೀಬೇಡ.”

“ಇವತ್ತೇ ಮಾಡ್ಕೊಡ್ತೀನಿ.”

ಕಾವಲಿನ ಫೋಲ್ಡರಿಗೆ ಅದರ ಹಳೆಯ ಹೆಸರು ಕೊಟ್ಟಳು. ಬಳಕೆದಾರರ ಬಾಗಿಲು ತೆರೆದು ನೋಡಿದಳು. ಅಕ್ಕನ ಹೆಸರಿನ ಎದುರು ‘ನಿರ್ವಾಹಕರು’. ತನ್ನ ಹೆಸರಿನ ಎದುರು ‘ಕೊಡುಗೆದಾರರು’. ಯಾರೋ ದಾನ ಕೊಟ್ಟು ಹೋದವರ ಹಾಗಿತ್ತು ಆ ಪದ. ಪಕ್ಕದಲ್ಲಿ ಕೆಳಮುಖದ ಒಂದು ಸಣ್ಣ ಬಾಣ. ಒತ್ತಿದರೆ ಬೇರೆ ಪದಗಳು ಇಳಿದುಬಂದವು. ಅಕ್ಕನದನ್ನು ಹಾಗೇ ಇರಗೊಟ್ಟು, ತನ್ನದನ್ನೂ ‘ನಿರ್ವಾಹಕರು’ ಎಂದು ಮಾಡಿಕೊಂಡಳು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಇನ್ನೂ ಏನು ಕುಟ್ತಿದ್ದೀಯ?” ಎಂದಳು ಅಕ್ಕ.

“ಮುಚ್ತಾ ಇದೀನಿ.”

ಭಾವ ಚಹಾ ಕೊಟ್ಟರು. ಸಕ್ಕರೆ ಹಾಕುವುದು ಮರೆತಿದ್ದರು. ಸಣ್ಣಿ ಹಾಗೇ ಕುಡಿದಳು. ಅಕ್ಕ ಒಂದು ಗುಟುಕು ಕುಡಿದು, “ಏನ್ರೀ ಇದು!” ಎಂದಳು. ಅವರು ಸಕ್ಕರೆ ಡಬ್ಬಿ ತರಲು ಹೋದರು.

ಅಕ್ಕನಿಗೆ ಒಂದು ಒಳ್ಳೆಯ ಇಮೇಲು ಮಾಡಿಕೊಡಬೇಕು, ಅವಳ ಪೂರ್ತಿ ಹೆಸರಿನದು, ಕಾಗುಣಿತ ತಪ್ಪದ್ದು. ಬರೆದದ್ದನ್ನೆಲ್ಲ ಇನ್ನು ಮೇಲೂ ಮೊದಲು ಅದಕ್ಕೇ ಕಳಿಸಬೇಕು. ತಿದ್ದಿ ಬಂದದ್ದನ್ನು ಬಟ್ಟೆ ಹಾಸಿಕೊಂಡು, ಚಾಕ್ ಹಿಡಿದು, ಪದಪದವಾಗಿ ಓದಬೇಕು. ಕೈ ಎತ್ತಲಾಗದವಳಿಗೆ ನೋವಾಗುವ ಪದ ಎಲ್ಲಿ ಸಿಕ್ಕಿದರೂ ತೆಗೆಯಬೇಕು. ಆಮೇಲೆ ತಾನೇ ಹೊರಗೆ ಹಾಕಬೇಕು. ಸೈಟಿನಲ್ಲಿ ಅಕ್ಕನ ಹೆಸರಿನ ಎದುರು ಹಾಕಿದ ತನ್ನ ಇಮೇಲು ಹಾಗೇ ಇರಲಿ. ಅಕ್ಕ ಕೇಳುವುದಿಲ್ಲ. ಕೇಳುವ ಅಭ್ಯಾಸ ಅವಳಿಗಿಲ್ಲ.

ಸಣ್ಣಿ ಲೋಟ ತೊಳೆದಿಟ್ಟು, ಅಕ್ಕನ ಕಣ್ಣಿಗೆ ಔಷಧಿಯ ಹನಿ ಹಾಕಿ, ಕೆನ್ನೆಗಿಳಿದದ್ದನ್ನು ತನ್ನ ಸೆರಗಿನಿಂದಲೇ ಒರೆಸಿ, ಅಂಗಡಿಗೆ ಹೊರಟಳು.